ಕಣ್ಣಿನ ತುರಿಕೆಗೆ ಅಲರ್ಜಿ ಡ್ರಾಪ್ಸ್: ಯಾವಾಗ, ಯಾವುದು, ಹಾಕುವುದು ಹೇಗೆ

ಕಣ್ಣು ತುರಿಸಿದರೆ ಉಜ್ಜಬೇಡಿ ಅಂತ ಹೇಳುವುದು ಸುಲಭ. ಅದರ ಪಾಡು ತುರಿಸುವವರಿಗೇ ಗೊತ್ತು. ಮೂಗಿನ ಪಕ್ಕದ ಮೂಲೆಯಲ್ಲಿ ಸಣ್ಣ ಇರುವೆ ಹರಿದ ಹಾಗೆ ಶುರುವಾಗುತ್ತದೆ. ತಡೆದುಕೊಳ್ಳುತ್ತೀರಿ. ಇನ್ನೊಂದು ನಿಮಿಷ ತಡೆದುಕೊಳ್ಳುತ್ತೀರಿ. ಆಮೇಲೆ ಬೆರಳು ತಾನಾಗಿಯೇ ಹೋಗುತ್ತದೆ. ಹತ್ತು ಸೆಕೆಂಡು ಹಾಯೆನಿಸುತ್ತದೆ, ಆಮೇಲೆ ಎರಡರಷ್ಟು ತುರಿಕೆ. ಅರ್ಧ ಗಂಟೆ ಬಿಟ್ಟು ಕನ್ನಡಿ ನೋಡಿದರೆ ರೆಪ್ಪೆ ಊದಿಕೊಂಡಿದೆ, ಕಣ್ಣು ಕೆಂಡದ ಹಾಗಿದೆ.

ನನಗೆ ಈ ಕಾಟ ಬಹಳ ವರ್ಷದ್ದು. ಮೊದಲ ಒಂದೆರಡು ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಕೆಂಪು ಹೋಗಲಿ ಅಂತ ಕಣ್ಣು ಬೆಳ್ಳಗೆ ಮಾಡುವ ಡ್ರಾಪ್ಸ್ ತಂದು ವಾರಗಟ್ಟಲೆ ಹಾಕಿಕೊಂಡೆ. ಒಂದು ಹನಿ ಸಾಲದು ಅಂತ ಮೂರು ಹನಿ ಸುರಿದೆ. ಹಾಕಿದ ತಕ್ಷಣ ಪಟಪಟ ಕಣ್ಣು ಮಿಟುಕಿಸಿ ಅರ್ಧ ಔಷಧಿಯನ್ನು ಕೆನ್ನೆಗೆ ಕುಡಿಸಿದೆ. ಕೊನೆಗೆ ಗೊತ್ತಾಯಿತು, ಬಾಟಲಿಯೇ ಬೇರೆ ಇರಬೇಕಿತ್ತು, ಹಾಕುವ ಕೈಯೂ ಪಳಗಬೇಕಿತ್ತು.

ಮೊದಲು, ಇದು ಅಲರ್ಜಿಯೇನಾ?

ಕೆಂಪು ಕಣ್ಣೆಲ್ಲ ಅಲರ್ಜಿ ಅಲ್ಲ. ಅಲರ್ಜಿಯ ಗುರುತು ತುರಿಕೆ. ಉರಿ, ಚುಚ್ಚು, ಭಾರ ಇವೆಲ್ಲ ಇರಬಹುದು, ಆದರೆ ತುರಿಕೆ ಇಲ್ಲವೇ ಇಲ್ಲ ಅಂದರೆ ಅಲರ್ಜಿ ಅನ್ನುವ ಮಾತನ್ನು ಸ್ವಲ್ಪ ಅನುಮಾನಿಸಿ. ಸಾಮಾನ್ಯವಾಗಿ ಎರಡೂ ಕಣ್ಣು ಒಟ್ಟಿಗೆ ತುರಿಸುತ್ತವೆ. ನೀರು ಸುರಿಯುತ್ತದೆ, ರೆಪ್ಪೆ ಊದುತ್ತದೆ, ಜೊತೆಗೆ ಸೀನು, ಮೂಗು ಸೋರುವುದು ಇರುತ್ತದೆ. ಪಿಸುರು ಬಂದರೂ ಬೆಳ್ಳಗೆ, ದಾರದ ಹಾಗೆ ಎಳೆಎಳೆಯಾಗಿ ಬರುತ್ತದೆ. ಧೂಳು ಝಾಡಿಸಿದಾಗ, ಹೂ ಬಿಡುವ ಕಾಲದಲ್ಲಿ, ಬೆಕ್ಕು ನಾಯಿ ಇರುವ ಮನೆಗೆ ಹೋದಾಗ ಜಾಸ್ತಿಯಾಗುತ್ತದೆ.

ಬೆಳಗ್ಗೆ ಎದ್ದಾಗ ರೆಪ್ಪೆಗಳು ಹಳದಿ ಅಥವಾ ಹಸಿರು ಪಿಸುರಿನಿಂದ ಅಂಟಿಕೊಂಡಿದ್ದರೆ ಅದು ಬಹುಶಃ ಬ್ಯಾಕ್ಟೀರಿಯಾ ಸೋಂಕು. ಮೊದಲು ಒಂದು ಕಣ್ಣು, ಒಂದೆರಡು ದಿನ ಬಿಟ್ಟು ಇನ್ನೊಂದು, ಜೊತೆಗೆ ಮರಳು ಹೊಕ್ಕ ಹಾಗೆ ಕಿರಿಕಿರಿ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ. ಹಾಗಿದ್ದರೆ ವೈರಸ್‌ನ ಕೆಂಗಣ್ಣು ಇರಬಹುದು. ಸಂಜೆಯಾದ ಹಾಗೆ, ಕಂಪ್ಯೂಟರ್ ನೋಡಿದಷ್ಟೂ ಉರಿ ಏರುತ್ತಾ ಹೋದರೆ ಕಣ್ಣು ಒಣಗಿದೆ ಅಂತ ಅರ್ಥ. ಇವು ಮೂರಕ್ಕೂ ಅಲರ್ಜಿ ಡ್ರಾಪ್ಸ್ ಮದ್ದಲ್ಲ.

ಇನ್ನು ಕೆಲವು ಲಕ್ಷಣಗಳಿದ್ದರೆ ಯಾವ ಬಾಟಲಿಗೂ ಕೈ ಹಾಕದೆ ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನಿಜವಾದ ನೋವು. ಬೆಳಕು ನೋಡಲಾಗದಿರುವುದು. ಮಿಟುಕಿಸಿದರೂ ಹೋಗದ ಮಂಜು. ಒಂದೇ ಕಣ್ಣು ಕೆಂಪಾಗಿ ದಿನೇದಿನೇ ಹೆಚ್ಚುತ್ತಿರುವುದು. ಕಣ್ಣಿಗೆ ಪೆಟ್ಟು. ಕಂಟಾಕ್ಟ್ ಲೆನ್ಸ್ ಹಾಕುವವರಿಗೆ ಕೆಂಪಿನ ಜೊತೆ ನೋವು ಬಂದರಂತೂ ಒಂದು ದಿನವೂ ಕಾಯಬಾರದು, ಅದು ಕರಿಗುಡ್ಡೆಯ ಮೇಲಿನ ಸೋಂಕಾಗಿರಬಹುದು. ಸುಣ್ಣ, ಆಸಿಡ್, ಕ್ಲೀನರ್ ಇಂಥದ್ದೇನಾದರೂ ಸಿಡಿದಿದ್ದರೆ ಮೊದಲು ಚೊಕ್ಕ ನೀರಿನಲ್ಲಿ ಬಿಡದೆ ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆ.

ಒಳಗೆ ಏನಾಗುತ್ತಿದೆ

ಕಣ್ಣಿನ ಬಿಳಿ ಭಾಗದ ಮೇಲೆ, ರೆಪ್ಪೆಯ ಒಳಗೆ ತೆಳ್ಳಗಿನ ಪೊರೆ ಇದೆ. ಅದರಲ್ಲಿ ಮಾಸ್ಟ್ ಕೋಶಗಳು ಕೂತಿರುತ್ತವೆ. ಒಂದೊಂದು ಕೋಶವೂ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಕಾಳುಗಳ ಚೀಲ. ನಿಮಗೆ ಆಗದ ಪರಾಗವೋ ಧೂಳಿನ ನುಸಿಯೋ ಬಂದು ತಾಕಿದರೆ ಚೀಲ ಬಿಚ್ಚುತ್ತದೆ. ಹಿಸ್ಟಮಿನ್ ನರದ ತುದಿಗೆ ತಾಗಿದರೆ ತುರಿಕೆ, ರಕ್ತನಾಳಕ್ಕೆ ತಾಗಿದರೆ ಕೆಂಪು ಮತ್ತು ಊತ. ಆಂಟಿಹಿಸ್ಟಮಿನ್ ಡ್ರಾಪ್ಸ್ ಮಾಡುವುದು ಇಷ್ಟೇ: ಹಿಸ್ಟಮಿನ್ ಹೋಗಿ ಕೂರುವ ಜಾಗದಲ್ಲಿ ತಾನು ಮೊದಲೇ ಹೋಗಿ ಕೂರುತ್ತದೆ.

ಉಜ್ಜುವುದು ಯಾಕೆ ಕೆಟ್ಟದ್ದು ಅನ್ನುವುದೂ ಇಲ್ಲೇ ಇದೆ. ಆ ಚೀಲಗಳು ಒತ್ತಿದರೂ ಒಡೆಯುತ್ತವೆ. ನೀವು ಬೆರಳಿನಿಂದ ತಿಕ್ಕಿದಾಗ ಇನ್ನಷ್ಟು ಹಿಸ್ಟಮಿನ್ ಹೊರಗೆ ಬರುತ್ತದೆ. ಅದಕ್ಕೇ ಆ ಎರಡರಷ್ಟು ತುರಿಕೆ. ವರ್ಷಗಟ್ಟಲೆ ಜೋರಾಗಿ ಉಜ್ಜುವ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕರಿಗುಡ್ಡೆ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಎಂಬ ತೊಂದರೆಯೂ ಜಾಸ್ತಿ ಕಾಣುತ್ತದೆ. ಅದು ಬಂದರೆ ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತದೆ.

ಒಂದು ಸಮಾಧಾನ ಹೇಳಲಾ? ಹೇ ಫೀವರ್, ಅಂದರೆ ಪರಾಗದ ಅಲರ್ಜಿ ಬಗ್ಗೆ ಮೊದಲು ವಿವರವಾಗಿ ಬರೆದ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ 1819ರಲ್ಲಿ ವಿವರಿಸಿದ್ದು ತನ್ನದೇ ಕಣ್ಣು, ಮೂಗು, ಎದೆಯ ಪಾಡನ್ನು. ಡಾಕ್ಟರನ್ನೂ ಇದು ಬಿಟ್ಟಿರಲಿಲ್ಲ.

ಡಬ್ಬಿಯ ಮೇಲೆ ಏನು ಓದಬೇಕು

ಕಂಪನಿಯ ಹೆಸರು ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರು, ಅದರ ಪಕ್ಕದ ಶೇಕಡಾ ಅಂಕಿ, ಇವೆರಡನ್ನು ಓದಿ.

ಓಲೋಪಟಡಿನ್, ಕೀಟೋಟಿಫೆನ್, ಅಜೆಲಾಸ್ಟಿನ್, ಎಪಿನಾಸ್ಟಿನ್, ಬೆಪೋಟಾಸ್ಟಿನ್, ಅಲ್ಕಾಫ್ಟಡಿನ್. ಇವುಗಳಲ್ಲಿ ಒಂದು ಹೆಸರು ಕಂಡರೆ ಸರಿಯಾದ ಜಾಗದಲ್ಲಿದ್ದೀರಿ. ಇವಕ್ಕೆ ಎರಡು ಕೆಲಸ ಗೊತ್ತು. ಹಿಸ್ಟಮಿನ್‌ಗೆ ಅಡ್ಡ ನಿಲ್ಲುತ್ತವೆ, ಮಾಸ್ಟ್ ಕೋಶ ಒಡೆಯದಂತೆಯೂ ಹಿಡಿಯುತ್ತವೆ. ಕೆಲವೇ ನಿಮಿಷದಲ್ಲಿ ತುರಿಕೆ ಇಳಿಯುತ್ತದೆ. ಈಗ ಹೆಚ್ಚಿನ ಡಾಕ್ಟರುಗಳು ಮೊದಲು ಬರೆಯುವುದು ಇವನ್ನೇ. ಕೆಲವು ದೇಶಗಳಲ್ಲಿ ಇವುಗಳಲ್ಲಿ ಒಂದೆರಡು ಔಷಧಿ ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತವೆ.

ಸೋಡಿಯಂ ಕ್ರೋಮೋಗ್ಲೈಕೇಟ್ ಅಂತಿದ್ದರೆ ಅದು ಕೋಶ ಒಡೆಯದಂತೆ ತಡೆಯುವುದು ಮಾತ್ರ. ಈಗಾಗಲೇ ಹೊರಬಿದ್ದ ಹಿಸ್ಟಮಿನ್‌ಗೆ ಅದು ಏನೂ ಮಾಡುವುದಿಲ್ಲ. ದಿನಕ್ಕೆ ನಾಲ್ಕು ಸಲ ಹಾಕಬೇಕು, ಪೂರ್ತಿ ಗುಣ ಕಾಣಲು ವಾರ ಎರಡು ವಾರ ಬೇಕು. ಕೆಟ್ಟದ್ದೇನಲ್ಲ, ತಾಳ್ಮೆ ಇರಬೇಕು ಅಷ್ಟೇ.

ನಾಫಜೋಲಿನ್, ಟೆಟ್ರಾಹೈಡ್ರೋಜೋಲಿನ್ ಅಂತ ಕಂಡರೆ ಹುಷಾರು. ನಾನು ಸಿಕ್ಕಿಬಿದ್ದದ್ದು ಇಲ್ಲೇ. ಇವು ರಕ್ತನಾಳವನ್ನು ಬಿಗಿ ಹಿಡಿದು ಕಣ್ಣನ್ನು ಬೆಳ್ಳಗೆ ಕಾಣಿಸುತ್ತವೆ. ಕೆಲವು ಬಾಟಲಿಗಳಲ್ಲಿ ಆಂಟಿಹಿಸ್ಟಮಿನ್ ಜೊತೆ ಸೇರಿಸಿಯೂ ಇರುತ್ತದೆ. ಎರಡು ಮೂರು ದಿನಕ್ಕೆ ಪರವಾಗಿಲ್ಲ. ಆಮೇಲೂ ಹಾಕುತ್ತಾ ಹೋದರೆ, ಬಿಟ್ಟ ತಕ್ಷಣ ಕಣ್ಣು ಮೊದಲಿಗಿಂತ ಜಾಸ್ತಿ ಕೆಂಪಾಗುತ್ತದೆ. ಕೆಂಪಾಯಿತು ಅಂತ ಮತ್ತೆ ಹಾಕುತ್ತೀರಿ. ಹೀಗೆ ಸುತ್ತು. ಕಿರುಕೋನದ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಒಂದು ಬಗೆಯ ತೊಂದರೆ) ಇರುವವರು ಇದನ್ನು ಮುಟ್ಟಲೇಬಾರದು. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಸ್ಟಿರಾಯ್ಡ್ ಡ್ರಾಪ್ಸ್ ಬಗ್ಗೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೂರೋಮೆಥೋಲೋನ್, ಲೋಟೆಪ್ರೆಡ್ನಾಲ್, ಈ ಹೆಸರುಗಳು. ತುರಿಕೆಗೆ ಇವು ಮಂತ್ರ ಹಾಕಿದ ಹಾಗೆ ಕೆಲಸ ಮಾಡುತ್ತವೆ. ಅದೇ ತೊಂದರೆ. ಹೋದ ಸಲ ಇದೇ ಹಾಕಿ ವಾಸಿಯಾಯಿತು ಅಂತ ಹಳೆ ಚೀಟಿ ತೋರಿಸಿ ಮತ್ತೆ ತರುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು. ನೋವಿಲ್ಲ, ಸದ್ದಿಲ್ಲ. ನರ ಹಾಳಾಗಿ ನೋಟ ಕುಗ್ಗಿದ ಮೇಲೇ ಗೊತ್ತಾಗುವುದು, ಹೋದ ನೋಟ ವಾಪಸ್ ಬರುವುದಿಲ್ಲ. ಕಣ್ಣಿನ ಪೊರೆಯೂ (ಕ್ಯಾಟರಾಕ್ಟ್) ಬೇಗ ಬರಬಹುದು. ಹರ್ಪಿಸ್ ಎಂಬ ವೈರಸ್‌ನಂಥ ಸೋಂಕಿದ್ದರೆ ಇದು ಬೆಂಕಿಗೆ ತುಪ್ಪ. ಡಾಕ್ಟರು ಕೊಟ್ಟರೆ, ಎಷ್ಟು ದಿನ ಅಂತ ಹೇಳಿದ್ದಾರೋ ಅಷ್ಟೇ ದಿನ. ಆಂಟಿಬಯಾಟಿಕ್ ಹೆಸರಿನ ಪಕ್ಕದಲ್ಲಿ ಸ್ಟಿರಾಯ್ಡ್ ಸೇರಿಕೊಂಡ ಬಾಟಲಿಗಳೂ ಇವೆ, ಅದಕ್ಕೇ ಎರಡನೇ ಹೆಸರನ್ನೂ ಓದಿ ಅನ್ನುವುದು.

ಮಗುವಿಗೆ ಹಾಕುವ ಮುಂಚೆ ವಯಸ್ಸು ನೋಡಿ. ಹಲವು ಡ್ರಾಪ್ಸ್ 2 ಅಥವಾ 3 ವರ್ಷ ದಾಟಿದ ಮಕ್ಕಳಿಗೆ ಮಾತ್ರ. ಬಸುರಿಯರು, ಎದೆಹಾಲು ಕೊಡುವವರು ಕೇಳಿಕೊಂಡೇ ಹಾಕಿ.

ಹನಿ ಹಾಕುವುದು

ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಕಂಟಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಪಿಸುರು ಇದ್ದರೆ ಒದ್ದೆ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒಮ್ಮೆ ಒರೆಸಿ ಆ ಹತ್ತಿಯನ್ನು ಬಿಸಾಡಿ. ಧೂಳಿನಿಂದ ಈಗಷ್ಟೇ ಬಂದಿದ್ದರೆ ಮೊದಲು ಕೃತಕ ಕಣ್ಣೀರಿನ ಹನಿ ಹಾಕಿ ಕಣ್ಣನ್ನು ತೊಳೆದು, ಐದು ನಿಮಿಷ ಬಿಟ್ಟು ಅಲರ್ಜಿ ಡ್ರಾಪ್ಸ್‌ಗೆ ಬನ್ನಿ. ಪರಾಗ ಇನ್ನೂ ಕಣ್ಣಲ್ಲಿ ಕೂತಿರುವಾಗ ಮದ್ದು ಹಾಕುವುದು ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಈಗ ಕೂತು ತಲೆ ಹಿಂದಕ್ಕೆ ಬಾಗಿಸಿ, ಇಲ್ಲವೇ ಮಲಗಿ. ಹೊಸಬರಿಗೆ ಮಲಗುವುದೇ ವಾಸಿ. ಒಂದು ಕೈಯ ತೋರುಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ರೆಪ್ಪೆಗೂ ಕಣ್ಣಿಗೂ ನಡುವೆ ಒಂದು ಸಣ್ಣ ಜೇಬು ತೆರೆದುಕೊಳ್ಳುತ್ತದೆ. ಹನಿ ಬೀಳಬೇಕಾದ್ದು ಆ ಜೇಬಿಗೆ. ನೇರ ಕರಿಗುಡ್ಡೆಯ ಮೇಲೆ ಬಿದ್ದರೆ ಕಣ್ಣು ಬೆಚ್ಚಿ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ಕೈಯಲ್ಲಿ ಬಾಟಲಿ ತಲೆಕೆಳಗಾಗಿ ಹಿಡಿದು, ಆ ಕೈಯನ್ನು ಹಣೆಗೋ, ರೆಪ್ಪೆ ಎಳೆದ ಕೈಯ ಗೆಣ್ಣಿಗೋ ಆನಿಸಿ. ಗಾಳಿಯಲ್ಲಿ ತೇಲುವ ಕೈ ನಡುಗುತ್ತದೆ, ಆನಿಸಿದ ಕೈ ನಡುಗುವುದಿಲ್ಲ. ಬಾಟಲಿಯ ಮೂತಿ ಕಣ್ಣಿನಿಂದ ಒಂದೆರಡು ಸೆಂಟಿಮೀಟರ್ ಮೇಲಿರಲಿ. ರೆಪ್ಪೆಗೂದಲಿಗೂ ತಾಗಬಾರದು, ತಾಗಿದರೆ ಅಲ್ಲಿನ ಕೊಳೆ ಬಾಟಲಿಯ ಒಳಗೆ ಹೋಗುತ್ತದೆ. ಮೇಲೆ ಸೂರು ನೋಡಿ. ಒತ್ತಿ. ಒಂದೇ ಹನಿ.

ಒಂದೇ ಯಾಕೆ? ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಕಣ್ಣಿನ ಆ ಜೇಬು ಹಿಡಿಯುವುದೇ ಹೆಚ್ಚೆಂದರೆ ಸುಮಾರು 30. ಮೊದಲ ಹನಿಗೇ ಜಾಗ ಸಾಲದು, ಎರಡನೆಯದು ಹೋಗುವುದು ಕೆನ್ನೆಗೆ. ನನ್ನ ಆ ಮೂರು ಹನಿಯ ಲೆಕ್ಕ ನೆನೆದರೆ ಈಗ ನಗು ಬರುತ್ತದೆ. ಹನಿ ಒಳಗೆ ಬಿದ್ದೇ ಇಲ್ಲ ಅನ್ನುವುದು ಖಾತ್ರಿಯಾದರೆ ಮಾತ್ರ ಇನ್ನೊಂದು.

ಈಗ ಕಣ್ಣು ಮುಚ್ಚಿ. ಮೆಲ್ಲಗೆ, ನಿದ್ದೆಗೆ ಮುಚ್ಚಿದ ಹಾಗೆ. ಹಿಂಡಿ ಮುಚ್ಚಿದರೆ, ಪಟಪಟ ಮಿಟುಕಿಸಿದರೆ ಔಷಧಿ ಹೊರಗೆ. ಮುಚ್ಚಿದ ಕಣ್ಣಿನ ಮೂಗಿನ ಕಡೆ ಮೂಲೆಯನ್ನು ಬೆರಳಿನಿಂದ ಹಗುರಾಗಿ ಒತ್ತಿ ಹಿಡಿದು ಒಂದೆರಡು ನಿಮಿಷ ಇರಿ. ಅಲ್ಲಿಂದ ಕಣ್ಣೀರಿನ ಸಣ್ಣ ಕೊಳವೆ ಮೂಗಿಗೆ ಹೋಗುತ್ತದೆ, ಮೂಗಿನಿಂದ ಗಂಟಲಿಗೆ. ಕೆಲವು ಡ್ರಾಪ್ಸ್ ಹಾಕಿದ ಮೇಲೆ, ಮುಖ್ಯವಾಗಿ ಅಜೆಲಾಸ್ಟಿನ್, ಬೆಪೋಟಾಸ್ಟಿನ್ ಹಾಕಿದಾಗ, ಬಾಯಿ ಕಹಿಯಾಗುವುದು ಇದೇ ದಾರಿಯಿಂದ. ಒತ್ತಿ ಹಿಡಿದರೆ ಮದ್ದು ಕಣ್ಣಲ್ಲೇ ನಿಲ್ಲುತ್ತದೆ, ಕಹಿಯೂ ಕಡಿಮೆ.

ಹೊರಗೆ ಬಂದದ್ದನ್ನು ಚೊಕ್ಕ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಇನ್ನೊಂದು ಕಣ್ಣಿಗೂ ಹೀಗೆ. ಬಾಟಲಿಯ ಮೂತಿಯನ್ನು ಒರೆಸಬೇಡಿ, ತೊಳೆಯಬೇಡಿ, ಮುಚ್ಚಳ ಹಾಕಿ ಇಟ್ಟುಬಿಡಿ.

ಮಕ್ಕಳಿಗೆ ಬೇರೆ ಉಪಾಯ. ಕಣ್ಣು ಬಿಡು, ಬಿಡು ಅಂತ ಯುದ್ಧ ಮಾಡಬೇಡಿ. ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೋ ಅನ್ನಿ. ಮೂಗಿನ ಪಕ್ಕದ ಮೂಲೆಯ ಗುಳಿಯಲ್ಲಿ ಒಂದು ಹನಿ ಕೂರಿಸಿ. ಆಮೇಲೆ ಕಣ್ಣು ಬಿಟ್ಟು ನೋಡು ಅಂದರೆ ಹನಿ ತಾನಾಗಿಯೇ ಒಳಗೆ ಜಾರುತ್ತದೆ. ಹನಿ ಬೀಳುವುದೇ ಗೊತ್ತಾಗದ ಹಿರಿಯರೂ ಇದ್ದಾರೆ. ಡಬ್ಬಿಯ ಮೇಲೆ ಅಡ್ಡಿ ಇಲ್ಲದಿದ್ದರೆ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಿ, ಫ್ರೀಜರ್‌ನಲ್ಲಿ ಅಲ್ಲ. ತಣ್ಣಗಿನ ಹನಿ ಎಲ್ಲಿ ಬಿತ್ತು ಅಂತ ತಿಳಿಯುತ್ತದೆ, ತುರಿಸುವ ಕಣ್ಣಿಗೆ ಆ ತಂಪೇ ಅರ್ಧ ಮದ್ದು.

ದಿನಕ್ಕೆ ಎಷ್ಟು ಸಲ, ಎಷ್ಟು ದಿನ

ಓಲೋಪಟಡಿನ್ ಶೇ. 0.1 ಇದ್ದರೆ ದಿನಕ್ಕೆ ಎರಡು ಸಲ, ನಡುವೆ ಕನಿಷ್ಠ 6ರಿಂದ 8 ಗಂಟೆ ಅಂತರ. ಅದೇ ಔಷಧಿ ಶೇ. 0.2 ಇದ್ದರೆ ದಿನಕ್ಕೆ ಒಂದೇ ಸಲ. ಅಂಕಿ ಓದಿ ಅಂದದ್ದು ಇದಕ್ಕೇ. ಕೀಟೋಟಿಫೆನ್ 8ರಿಂದ 12 ಗಂಟೆಗೊಮ್ಮೆ. ಅಲ್ಕಾಫ್ಟಡಿನ್ ದಿನಕ್ಕೊಮ್ಮೆ. ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಮಾತು.

ತುರಿಸಿದಾಗ ಮಾತ್ರ ಹಾಕುವುದು ಒಂದು ರೀತಿ. ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುವ ತುರಿಕೆಗೆ ಅದು ಸಾಕು. ಇಡೀ ಹೂ ಬಿಡುವ ಕಾಲ ಕಾಡುವವರು ದಿನಾ ಹಾಕುವುದು ಒಳ್ಳೆಯದು, ಏಕೆಂದರೆ ಕೋಶ ಒಡೆಯದಂತೆ ತಡೆಯುವ ಎರಡನೇ ಕೆಲಸ ಚೆನ್ನಾಗಿ ನಡೆಯುವುದು ದಿನಾ ಹಾಕಿದಾಗ. ಪ್ರತಿ ವರ್ಷ ಯಾವಾಗ ಶುರುವಾಗುತ್ತದೆ ಅಂತ ಗೊತ್ತಿದ್ದರೆ ಒಂದೆರಡು ವಾರ ಮೊದಲೇ ಶುರುಮಾಡಬಹುದಾ ಅಂತ ಡಾಕ್ಟರನ್ನು ಕೇಳಿ. ಬೆಕ್ಕಿನ ಮನೆಗೆ ಹೋಗುವುದಿದ್ದರೆ ಹೋಗಿ ಒದ್ದಾಡಿದ ಮೇಲಲ್ಲ, ಹೊರಡುವ ಮುಂಚೆ ಹಾಕಿ.

ಹಾಕಿದಾಗ ಕೆಲವು ಸೆಕೆಂಡು ಚುರ್ ಅನ್ನಬಹುದು. ನೋಟ ಸ್ವಲ್ಪ ಮಂಜಾಗಬಹುದು, ತಿಳಿಯಾಗುವ ತನಕ ಗಾಡಿ ಓಡಿಸಬೇಡಿ. ಕೆಲವರಿಗೆ ತಲೆನೋವು, ಕಣ್ಣು ಒಣಗುವುದು. ಆದರೆ ಹಾಕಿದಷ್ಟೂ ಕೆಂಪು, ಊತ ಏರುತ್ತಿದ್ದರೆ ಆ ಡ್ರಾಪ್ಸೇ ನಿಮಗೆ ಆಗುತ್ತಿಲ್ಲ. ಹಲವು ಬಾಟಲಿಗಳಲ್ಲಿ ಕೆಡದಿರಲಿ ಅಂತ ಬೆಂಜಾಲ್ಕೋನಿಯಂ ಕ್ಲೋರೈಡ್ ಹಾಕಿರುತ್ತಾರೆ, ಕೆಲವರ ಕಣ್ಣಿಗೆ ಅದೇ ಆಗುವುದಿಲ್ಲ. ಅಂಥವರಿಗೆ ಅದಿಲ್ಲದ, ಒಂದೊಂದು ಸಲಕ್ಕೆ ಒಂದೊಂದು ಪುಟ್ಟ ಕೊಳವೆಯಲ್ಲಿ ಬರುವ ಡ್ರಾಪ್ಸ್ ಇವೆ. ಮೆತ್ತನೆಯ ಲೆನ್ಸ್‌ಗಳು ಈ ವಸ್ತುವನ್ನು ಹೀರಿಕೊಂಡು ಇಡೀ ದಿನ ಕಣ್ಣಿಗೆ ಉಣಿಸುತ್ತವೆ. ಹನಿ ಹಾಕಿ ಕನಿಷ್ಠ 10ರಿಂದ 15 ನಿಮಿಷ ಬಿಟ್ಟೇ ಲೆನ್ಸ್ ಹಾಕಿ. ಕಣ್ಣು ಕೆಂಪಗಿದ್ದರೆ ಆ ದಿನ ಲೆನ್ಸ್ ಬೇಡವೇ ಬೇಡ.

ಬೇರೆ ಡ್ರಾಪ್ಸ್ ಕೂಡ ಇದ್ದರೆ ನಡುವೆ ಐದು ನಿಮಿಷ. ಮುಲಾಮು ಕೊನೆಗೆ. ಬಾಟಲಿ ತೆರೆದ ದಿನವನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ. ಬೇರೆ ಏನೂ ಬರೆದಿಲ್ಲದಿದ್ದರೆ ತೆರೆದು ನಾಲ್ಕು ವಾರ ಆದ ಮೇಲೆ, ಒಳಗೆ ಔಷಧಿ ಉಳಿದಿದ್ದರೂ ಬಿಸಾಡಿ. ಮನೆಯಲ್ಲಿ ಇಬ್ಬರಿಗೆ ತುರಿಕೆ ಇದ್ದರೆ ಎರಡು ಬಾಟಲಿ.

ಹನಿ ಜೊತೆಗೆ

ಒದ್ದೆ ತಣ್ಣನೆ ಬಟ್ಟೆ ಮುಚ್ಚಿದ ಕಣ್ಣಿನ ಮೇಲೆ ಐದು ಹತ್ತು ನಿಮಿಷ. ಉಜ್ಜಬೇಕು ಅನಿಸಿದ ಕೈಗೆ ಕೊಡಲು ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಹೊರಗಿನಿಂದ ಬಂದು ಮುಖ ತೊಳೆಯಿರಿ, ಮಲಗುವ ಮುಂಚೆ ತಲೆಗೂದಲನ್ನೂ ತೊಳೆಯಿರಿ ಅಥವಾ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ದಿನವಿಡೀ ಕೂದಲಲ್ಲಿ ಕೂತ ಪರಾಗ ರಾತ್ರಿಯಿಡೀ ದಿಂಬಿನಿಂದ ಕಣ್ಣಿಗೆ ಬರುತ್ತದೆ. ಧೂಳಿನ ನುಸಿ ಕಾಡುವವರು ದಿಂಬಿನ ಕವರು, ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಒಗೆಯಿರಿ, ಬರೀ ತಣ್ಣೀರಿಗೆ ಅವು ಸಾಯುವುದಿಲ್ಲ. ಅಲರ್ಜಿ ಮಾತ್ರೆ ಮೂಗಿಗೆ ಚೆನ್ನ. ಆದರೆ ಕಾಟ ಬರೀ ಕಣ್ಣಿನದ್ದಾದರೆ ಸುಮ್ನೆ ಮಾತ್ರೆ ನುಂಗಬೇಡಿ. ಡ್ರಾಪ್ಸ್ ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಮಾತ್ರೆ ಕೆಲವರ ಕಣ್ಣನ್ನು ಒಣಗಿಸಿಯೂ ಬಿಡುತ್ತದೆ.

ಆಂಟಿಹಿಸ್ಟಮಿನ್ ಡ್ರಾಪ್ಸ್ ಮೂರು ದಿನ ಸರಿಯಾಗಿ ಹಾಕಿದರೂ ತುರಿಕೆ ಇಳಿಯದಿದ್ದರೆ ಡಾಕ್ಟರನ್ನು ನೋಡಿ. ಶಾಲೆಗೆ ಹೋಗುವ ಹುಡುಗರು, ಇದು ಹುಡುಗಿಯರಿಗಿಂತ ಹುಡುಗರಲ್ಲೇ ಜಾಸ್ತಿ, ಯಾವಾಗಲೂ ಕಣ್ಣುಜ್ಜುತ್ತಾ, ಬಿಸಿಲಿಗೆ ಕಣ್ಣು ಬಿಡಲಾರದೆ, ಎಳೆಎಳೆ ಪಿಸುರು ತೆಗೆಯುತ್ತಾ ಇದ್ದರೆ ಮೂರು ದಿನವೂ ಕಾಯಬೇಡಿ. ಅದು ಕಣ್ಣಿನ ಅಲರ್ಜಿಯಲ್ಲೇ ವರ್ನಲ್ ಎಂಬ ಜೋರಾದ ಬಗೆ ಇರಬಹುದು. ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದರೆ ಒಳಗೆ ಗುಬುಟು ಗುಬುಟಾಗಿರುತ್ತದೆ, ಅವು ಕರಿಗುಡ್ಡೆಯನ್ನು ತರಚುತ್ತವೆ.

ಹೋಗುವಾಗ ಇಲ್ಲಿಯವರೆಗೆ ಹಾಕಿದ ಎಲ್ಲ ಬಾಟಲಿಗಳನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ, ಖಾಲಿಯಾದವನ್ನೂ ಸೇರಿಸಿ. ಹಸಿರು ಮುಚ್ಚಳದ್ದು, ಚಿಕ್ಕ ಬಾಟಲಿ ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.